ಪೊಟರೆಯ ಗೋಡೆ

ಮೊಟ್ಟೆ ಇಡುವ ಹೆಣ್ಣನ್ನು ಮರದ ಪೊಟರೆಯೊಳಗೆ ಕೂರಿಸಿ, ಪೊಟರೆಗೆ ಮಣ್ಣಿನ ಗೋಡೆ ಮೆತ್ತಿ, ಸಣ್ಣ ಬಿರುಕಿನಿಂದ ಉಣಿಸುವುದು ಮಂಗಟ್ಟೆ ಹಕ್ಕಿಗಳ ಕಟ್ಟಳೆ. ಹೆಂಡತಿ ಕಾಡ್ಗಿಚ್ಚಿನಲ್ಲಿ ಸತ್ತ ಮರುವರ್ಷ, ಮುದಿ ಮಂಗಟ್ಟೆಯೊಬ್ಬ ಮಗಳಿಗೆಂದು ಮಣ್ಣು ತಂದ.

"ನಾನು ಒಳಗೆ ಕೂರಲ್ಲಪ್ಪ. ಗುಬ್ಬಿ ಗೋಡೆ ಇಲ್ಲದೆ ಮರಿ ಮಾಡಲ್ವಾ?" ಎಂದಳು ಮಗಳು.

"ಗುಬ್ಬಿಗೇನು ಕುಲವೋ, ನೇಮವೋ? ಕಾಲ ಮುಗಿಯದೆ ಗೋಡೆ ಒಡೆದರೆ ದೇವರು ಮುನಿಯುತ್ತಾನೆ. ನಿನ್ನವ್ವ ಕೊಕ್ಕು ಪಿಟಕ್ಕೆನ್ನದೆ ಕೂತಿದ್ದಳು."

"ಬೆಂಕಿ ಹತ್ತಿದಾಗಲೂ?"

ಅಪ್ಪ ತಂದ ಮಣ್ಣನ್ನು ಪೊಟರೆಯ ಅಂಚಿಗೆ ಮೆತ್ತತೊಡಗಿದ.

"ಗೋಡೆ ಒಡೀರಿ ಅಂತ ಅವ್ವ ಕೂಗಲಿಲ್ವಾ ಅಪ್ಪ?"



"ಕೂಗಿದಳು ಮಗಳೇ. ಎರಡು ಸಲ ಕೂಗಿದಳು. ಒಡೆಯೋಣ ಅಂತ ಕೊಕ್ಕೆತ್ತಿದೆ. ಆಮೇಲೆ ಸುತ್ತ ನೋಡಿದೆ. ನಮ್ಮ ಕುಲದ ನಾಲ್ಕು ಹಕ್ಕಿ ನನ್ನನ್ನೇ ನೋಡುತ್ತ ಕೂತಿದ್ದವು."