ಶೀಲವಂತಪ್ಪನವರ ಹುತುತು ಅಂಗಳ

ಕೆಂಪಮರಡಿ ಎಂಬ ನೇಕಾರರ ಊರಿನಲ್ಲಿ ಪೂಜ್ಯ ಫಾದರ್ ಸಿಲ್ವಾನೊ ಅವರಿಗಿದ್ದ ಆಸ್ತಿಯೆಂದರೆ ಒಂದು ಹೆಂಚಿನ ಪ್ರಾರ್ಥನಾಲಯ, ಅದರ ಮಗ್ಗುಲಿಗೆ ಔಷಧದ ಬಾಟಲಿಗಳಿಟ್ಟ ಒಂದು ಕೋಣೆ, ಮಲಗಲು ನುಲಿಯ ಮಂಚ ಮತ್ತು ಮುಂದೆ ಒಂದು ಬಯಲು ಅಂಗಳ. ಇಟಲಿ ದೇಶದ ಬೆಟ್ಟದ ಹಳ್ಳಿಯೊಂದರಿಂದ ಬಂದ ಆ ಮಹನೀಯರ ಹೆಸರು ಊರವರ ನಾಲಿಗೆಗೆ ಒಗ್ಗಲಿಲ್ಲ. ವರ್ಷ ಕಳೆಯುವುದರೊಳಗೆ ಅವರು ಎಲ್ಲರ ಬಾಯಲ್ಲಿ ಶೀಲವಂತಪ್ಪನವರಾದರು. ಪೂಜ್ಯರು ಆ ನಾಮಕರಣವನ್ನು ಸಂತೋಷದಿಂದಲೇ ಒಪ್ಪಿಕೊಂಡರು. ತಮ್ಮ ಊರಿಗೆ ಬರೆದ ಕಾಗದಗಳಲ್ಲೂ ಕೊನೆಗೆ ಆ ಹೆಸರನ್ನೇ ಹಾಕುತ್ತಿದ್ದರಂತೆ.

ಪವಾಡವನ್ನು ನಿರೀಕ್ಷಿಸಿ ಓದುವ ಭಕ್ತರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಪ್ರಸಂಗದಲ್ಲಿ ಕುರುಡರಿಗೆ ಕಣ್ಣು ಬರುವುದಿಲ್ಲ, ಬತ್ತಿದ ಬಾವಿ ತುಂಬುವುದಿಲ್ಲ. ಇಲ್ಲಿರುವುದು ಮಕ್ಕಳ ಆಟ, ಹಟ ಹಿಡಿದ ಒಬ್ಬ ಹಿರಿಯರು ಮತ್ತು ನಮ್ಮ ಪೂಜ್ಯರು ಮಾಡಿದ ಒಂದು ದೊಡ್ಡ ತಪ್ಪು. ಸಂತರೂ ತಪ್ಪು ಮಾಡುತ್ತಾರೆಯೇ ಎಂದು ಹುಬ್ಬೇರಿಸಬೇಡಿ. ಮಾಡುತ್ತಾರೆ. ನಮ್ಮ ಹಾಗೆ ಅದನ್ನು ಮುಚ್ಚಿಡಲು ಹೋಗುವುದಿಲ್ಲ, ಅಷ್ಟೇ.

ಪೂಜ್ಯರು ಬರುವಾಗ ತಮ್ಮೊಡನೆ ಒಂದು ಕಾಲ್ಚೆಂಡು ತಂದಿದ್ದರು. ಓಣಿಯ ಮಕ್ಕಳಿಗೆ ಅದನ್ನು ಕಲಿಸಬೇಕೆಂದು ಅವರ ಆಸೆ. ಕೆಂಪಮರಡಿಯ ಜಾಲಿಮುಳ್ಳಿಗೆ ಆ ಚೆಂಡು ವಾರವೂ ಬಾಳಲಿಲ್ಲ. ಚೆಂಡಿನ ಗಾಳಿ ಹೋದ ಸಂಜೆ ಮಕ್ಕಳು ಬೇಸರಿಸದೆ ನೆಲದ ಮೇಲೆ ಗೆರೆ ಎಳೆದು ತಮ್ಮ ಆಟ ಶುರು ಮಾಡಿದರು. ಈಗ ಎಲ್ಲರೂ ಕಬಡ್ಡಿ ಎನ್ನುವುದಕ್ಕೆ ಆ ಸೀಮೆಯಲ್ಲಿ ಆಗ ಹುತುತು ಎಂದೇ ಹೆಸರು. ಚೆಂಡೂ ಬೇಡದ, ಬೂಟೂ ಬೇಡದ ಆ ಆಟವನ್ನು ಕಂಡು ಪೂಜ್ಯರು ಬೆರಗಾದರು. ಬಡವರ ಮಕ್ಕಳಿಗೆಂದೇ ದೇವರು ಕೊಟ್ಟ ಆಟವಿದು ಎಂದು ಪ್ರಾರ್ಥನಾಲಯದಲ್ಲಿ ಧರ್ಮಪಾಠ ಹೇಳುತ್ತಿದ್ದ ಉಪದೇಶಿ ಸಿಮೋನಪ್ಪನವರ ಬಳಿ ಹೇಳಿದರಂತೆ. ಮರುದಿನದಿಂದ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳಿಂದಲೇ ಆಟ ಕಲಿತು, ಕಲಿತದ್ದನ್ನು ತಿದ್ದಿ ತೀಡಿ ಮತ್ತೆ ಅವರಿಗೇ ಕಲಿಸತೊಡಗಿದರು. ಐವತ್ತು ದಾಟಿದ ಅವರ ಉಸಿರಿಗೆ ಹುತುತು ಎಂಬ ಸೊಲ್ಲು ಬಹಳ ದೂರ ಬರುತ್ತಿರಲಿಲ್ಲ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಬಯ್ಯಬಾರದು, ಬಿದ್ದವನನ್ನು ಕೆಡವಿದವನೇ ಎಬ್ಬಿಸಬೇಕು ಎಂಬ ಎರಡು ನಿಯಮಗಳನ್ನು ಮಾತ್ರ ಪೂಜ್ಯರು ತಮ್ಮ ಕಡೆಯಿಂದ ಸೇರಿಸಿದರು.

ತಂಡದಲ್ಲಿ ಏಳು ಮಂದಿ. ಆರು ಮಂದಿ ನೇಕಾರರ ಓಣಿಯವರು. ಏಳನೆಯವನು ಕೆಳಗಿನ ಕೇರಿಯ ದುರಗಪ್ಪ. ಅವನ ತಂದೆ ಚಪ್ಪಲಿ ಹೊಲೆಯುವವರು. ಆ ಹುಡುಗ ಒಮ್ಮೆ ಎದುರಾಳಿಯ ಕಾಲು ಹಿಡಿದನೆಂದರೆ ಬಿಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಪೂಜ್ಯರು ಅವನನ್ನು ತಂಡದ ನಾಯಕ ಮಲ್ಲೇಶಿಯ ಪಕ್ಕದಲ್ಲಿ ನಿಲ್ಲಿಸಿದರು. ದಾಳಿಗೆ ಬಂದವನನ್ನು ಸುತ್ತುವರಿಯಲು ಎಲ್ಲರೂ ಕೈ ಕೈ ಹಿಡಿದು ಸರಪಳಿಯಾಗಬೇಕು. ದುರಗಪ್ಪನನ್ನು ಬಿಟ್ಟರೆ ಗೆಲುವಿಲ್ಲವೆಂದು ಓಣಿಯ ಹುಡುಗರಿಗೂ ಗೊತ್ತಿತ್ತು. ಅವನ ಕೈ ಹಿಡಿದರೆ ಮನೆಯಲ್ಲಿ ಏನಾಗುತ್ತದೆಂಬುದೂ ಗೊತ್ತಿತ್ತು. ಹಾಗಾಗಿ ಅವರು ತಾವೇ ಒಂದು ಉಪಾಯ ಹೂಡಿದರು. ದುರಗಪ್ಪನನ್ನು ಸಾಲಿನ ತುದಿಗೆ ನಿಲ್ಲಿಸಿ, ಒಂದು ಟವೆಲಿನ ಈ ತುದಿಯನ್ನು ಮಲ್ಲೇಶಿ, ಆ ತುದಿಯನ್ನು ಅವನು ಹಿಡಿಯುವುದೆಂದು ಗೊತ್ತುಮಾಡಿಕೊಂಡರು.

"ಈ ವಸ್ತ್ರ ಯಾಕೆ?" ಎಂದು ಪೂಜ್ಯರು ಕೇಳಿದರು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. "ಹಿಡಿತ ಗಟ್ಟಿ ಬರತೈತ್ರಿ ಫಾದರ್" ಎಂದ ಮಲ್ಲೇಶಿ.

ದುರಗಪ್ಪ ನೆಲ ನೋಡುತ್ತಿದ್ದ. ಪೂಜ್ಯರು ಅದನ್ನು ಗಮನಿಸಲಿಲ್ಲ. ಯಾರು ಏನು ಹೇಳಿದರೂ ನಂಬುವ ಜೀವ ಅದು. ಹಿಡಿತ ಗಟ್ಟಿಯಾಗುವುದಾದರೆ ಇಬ್ಬರಿಗೇ ಏಕೆ, ಎಲ್ಲರಿಗೂ ಇರಲಿ ಎಂದು ಅವರು ನೇಕಾರ ಹಿರಿಯರಾದ ಚನ್ನವೀರಪ್ಪನವರ ಮಗ್ಗದ ಮನೆಗೇ ಹೋಗಿ ಹೊಸ ಟವೆಲುಗಳನ್ನು ತಂದು ಹಂಚಿದರು. ಮಲ್ಲೇಶಿ ಆ ಚನ್ನವೀರಪ್ಪನವರ ಮಗನೇ. ಟವೆಲು ಯಾತಕ್ಕೆಂದು ಕೇಳಿ ತಿಳಿದುಕೊಂಡ ಹಿರಿಯರು ನಗು ತಡೆಯಲು ಬಹಳ ಕಷ್ಟಪಟ್ಟರಂತೆ. ಅಂದಿನಿಂದ ಕೆಂಪಮರಡಿಯ ತಂಡ ನಾಡಿನ ಬೇರೆ ಯಾವ ತಂಡವೂ ಆಡದ ರೀತಿಯಲ್ಲಿ, ಒಬ್ಬರ ಕೈಯನ್ನೊಬ್ಬರು ಮುಟ್ಟದೆ ಹುತುತು ಆಡತೊಡಗಿತು. ಊರು ನಗುತ್ತಿತ್ತು. ಜನ ಸಂತೋಷಪಡುತ್ತಿದ್ದಾರೆಂದು ಪೂಜ್ಯರು ತಿಳಿದರು.

ಪಕ್ಕದ ಊರಿನ ತಂಡದೊಡನೆ ಪಂದ್ಯವಾಯಿತು. ಅವರ ದಾಳಿಗಾರ ಒಂದು ಸಲ ಜಗ್ಗಿದರೆ ಸಾಕು, ಟವೆಲು ಅವನ ಕೈಗೆ, ಹುಡುಗರು ಮಣ್ಣಿಗೆ. ನೋಡಲು ಬಂದವರು ಹೊಟ್ಟೆ ಹಿಡಿದು ನಕ್ಕರು. ಹಿಂದಿರುಗುವಾಗ ಚಕ್ಕಡಿಯಲ್ಲಿ ಪೂಜ್ಯರು ಉಪದೇಶಿಗಳನ್ನು ನೇರವಾಗಿ ಕೇಳಿದರು. ಸಿಮೋನಪ್ಪನವರಿಗೆ ಇನ್ನು ಬಚ್ಚಿಡಲಾಗಲಿಲ್ಲ.

"ಆ ಟಾವೆಲ್ಲು ಹಿಡಿತಕ್ಕಲ್ರಿ ಸ್ವಾಮೇರ. ದುರಗ್ಯಾನ್ನ ಮುಟ್ಟಬಾರದಂತ."

ಪೂಜ್ಯರು ಮರುದಿನ ಸಂಜೆ ಹುಡುಗರನ್ನೆಲ್ಲ ಅಂಗಳದಲ್ಲಿ ಕೂರಿಸಿ, ಟವೆಲುಗಳನ್ನು ವಾಪಸು ಪಡೆದು, ದುರಗಪ್ಪನ ಮುಂದೆ ನೆಲದ ಮೇಲೆಯೇ ಕುಳಿತರು. "ಮಗು, ನಿನಗೆ ಆಗುತ್ತಿದ್ದ ಅವಮಾನವನ್ನು ನಾನು ಎಲ್ಲರಿಗೂ ಕಲಿಸಿದೆ. ನನ್ನನ್ನು ಕ್ಷಮಿಸು" ಎಂದರು. ಉಳಿದ ಹುಡುಗರಿಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ನಾಳೆಯಿಂದ ಕೈ ಹಿಡಿದೇ ಆಡೋಣ ಎಂದರು. ಬಯ್ದಿದ್ದರೆ ಹಗುರವಾಗುತ್ತಿತ್ತೇನೋ, ಮಲ್ಲೇಶಿ ಅಂದು ರಾತ್ರಿ ಊಟ ಬಿಟ್ಟ. ಏನಾಯಿತೆಂದು ತಂದೆ ಗದರಿಸಿ ಕೇಳಿದಾಗ ಎಲ್ಲವನ್ನೂ ಹೇಳಿದ.

ಚನ್ನವೀರಪ್ಪನವರು ಕೆಟ್ಟವರಲ್ಲ. ಓಣಿಯಲ್ಲಿ ಅವರ ಮಾತಿಗೆ ತೂಕವಿತ್ತು. ಪ್ರಾಯದಲ್ಲಿ ಸುತ್ತಲ ಊರುಗಳಿಗೆಲ್ಲ ಹೆಸರಾದ ಹುತುತು ಆಟಗಾರರು. ಪೂಜ್ಯರ ಮೇಲೆ ಅವರಿಗೆ ಗೌರವವೂ ಇತ್ತು. ಅವರ ವೃದ್ಧ ತಾಯಿ ನೀಲವ್ವನವರ ಕಾಲಿನಲ್ಲಿ ವರ್ಷಗಳಿಂದ ಮಾಯದ ಒಂದು ಹುಣ್ಣಿತ್ತು. ಪೂಜ್ಯರು ದಿನವೂ ಪ್ರಾರ್ಥನಾಲಯದಲ್ಲಿ ಬೆಳಗಿನ ಬಲಿಪೂಜೆಯ ಆರಾಧನೆ ಮುಗಿಸಿದವರೇ ಅವರ ಪಡಸಾಲೆಗೆ ಬಂದು ಹುಣ್ಣು ತೊಳೆದು, ಮುಲಾಮು ಹಚ್ಚಿ ಪಟ್ಟಿ ಕಟ್ಟಿ ಹೋಗುತ್ತಿದ್ದರು. ಹುಣ್ಣು ಅರ್ಧಕ್ಕರ್ಧ ಕೂಡಿಕೊಂಡಿತ್ತು. ಆದರೆ ಮಗ ಕೇರಿಯ ಹುಡುಗನ ಕೈ ಹಿಡಿಯುವುದೆಂದರೆ ಅದು ಬೇರೆ ಮಾತು. ಜಾತಿ ಕೆಡಿಸುವುದಕ್ಕೇ ಈ ಬಿಳಿ ಸ್ವಾಮಿ ಆಟದ ಬಲೆ ಬೀಸಿದ್ದಾನೆ ಎಂದು ಓಣಿಯಲ್ಲಿ ಕೆಲವರು ಕಿವಿ ಕಚ್ಚಿದ್ದೂ ಇತ್ತು.

ಮರುದಿನ ಚನ್ನವೀರಪ್ಪನವರು ಅಂಗಳಕ್ಕೆ ಬಂದಾಗ ಪೂಜ್ಯರು ಬೂದಿ ಚೆಲ್ಲಿ ಆಟದ ಗೆರೆ ಎಳೆಯುತ್ತಿದ್ದರು. ಬೂದಿಯ ಬುಟ್ಟಿ ಹಿಡಿದು ದುರಗಪ್ಪ ಜೊತೆಗಿದ್ದ.

"ಸ್ವಾಮೇರ, ನಿಮ್ಮ ಮ್ಯಾಲ ನಮಗ ಸಿಟ್ಟಿಲ್ಲ" ಎಂದರು ಚನ್ನವೀರಪ್ಪನವರು. "ಆದ್ರ ಕೈ ಹಿಡದು ಆಡೂದಾದ್ರ ಈ ಹುಡುಗ ಬ್ಯಾಡ. ಈ ಹುಡುಗ ಬೇಕಂದ್ರ ನಮ್ಮ ಓಣಿ ಹುಡುಗೂರು ಒಬ್ರೂ ಬರೂದಿಲ್ಲ. ಹ್ಯಾಂಗ ಮಾಡೂಣು, ನೀವ ಹೇಳ್ರಿ."

ದುರಗಪ್ಪ ಬುಟ್ಟಿಯನ್ನು ಕೆಳಗಿಟ್ಟು ಮನೆಗೆ ಹೊರಡಲು ಅನುವಾದ. ಪೂಜ್ಯರು ಅವನ ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿಕೊಂಡರು.

"ಚನ್ನವೀರಪ್ಪನವರೇ, ನನ್ನ ತಂದೆಯವರು ನಮ್ಮ ಊರಿನಲ್ಲಿ ಚರ್ಮ ಹದ ಮಾಡುತ್ತಿದ್ದರು. ಪಾದ್ರಿಯಾಗಲು ಗುರುಮಠಕ್ಕೆ ಸೇರುವ ತನಕ ನಾನೂ ಮಾಡಿದ್ದೇನೆ. ನಿಮ್ಮ ಪದ್ಧತಿ ನನಗೆ ಗೊತ್ತಿರಲಿಲ್ಲ. ನಾಳೆ ಬೆಳಿಗ್ಗೆ ಅಮ್ಮನವರ ಕಾಲು ಮುಟ್ಟಲು ನಾನು ಬರಬಹುದೇ, ಬರಬಾರದೇ? ನೀವೇ ಹೇಳಿ."

ಆ ಧ್ವನಿಯಲ್ಲಿ ಚುಚ್ಚು ಇರಲಿಲ್ಲವೆಂದು ಅಲ್ಲೇ ಇದ್ದ ಸಿಮೋನಪ್ಪನವರು ಕೊನೆಯವರೆಗೂ ಹೇಳುತ್ತಿದ್ದರು. ಒಮ್ಮೆ ತಿಳಿಯದೆ ತಪ್ಪಿದ್ದ ಪೂಜ್ಯರು ಇನ್ನೊಂದು ಮನೆಯ ರೀತಿಯಲ್ಲಿ ತಪ್ಪಬಾರದೆಂದು ನಿಜವಾಗಿಯೇ ಕೇಳಿದ್ದರು. ಚನ್ನವೀರಪ್ಪನವರು ಬಂದ ದಾರಿ ಹಿಡಿದು ಹೋದರು.

ಮರುದಿನ ಬೆಳಿಗ್ಗೆ ಪೂಜ್ಯರು ಎಂದಿನ ಹೊತ್ತಿಗೆ ಬಂದರು. ಕಟ್ಟೆ ಹತ್ತದೆ ಬೀದಿಯಲ್ಲೇ ನಿಂತರು. ಬಾಗಿಲಲ್ಲಿದ್ದ ಚನ್ನವೀರಪ್ಪನವರು ಬರ್ರಿ ಎನ್ನಲಿಲ್ಲ, ಬ್ಯಾಡ ಎನ್ನಲೂ ಇಲ್ಲ. ಸ್ವಲ್ಪ ಹೊತ್ತು ಕಾದು, ಪೂಜ್ಯರು ಮುಲಾಮಿನ ಡಬ್ಬಿಯನ್ನೂ ಕುದಿಸಿ ಒಣಗಿಸಿದ ಪಟ್ಟಿಯನ್ನೂ ಕಟ್ಟೆಯ ಮೇಲಿಟ್ಟು, ತೊಳೆಯುವ ಕ್ರಮವನ್ನು ವಿವರವಾಗಿ ಹೇಳಿ, ಕೈಮುಗಿದು ಹಿಂದಿರುಗಿದರು.

ಹೀಗಾಗಿ ಅಂದು ಮಗನೇ ತಾಯಿಯ ಕಾಲಿನ ಪಟ್ಟಿ ಬಿಚ್ಚಬೇಕಾಯಿತು. ಅಷ್ಟು ದಿನ ಅವರು ದೂರ ನಿಂತು ನೋಡಿದ್ದರೇ ಹೊರತು ಹತ್ತಿರ ಕುಳಿತವರಲ್ಲ. ಹುಣ್ಣಿನ ವಾಸನೆಗೆ ಮುಖ ತಿರುಗಿಸಿಕೊಂಡು ತೊಳೆದರು, ನೀರನ್ನು ಆಚೀಚೆ ಚೆಲ್ಲಿದರು. ತಾಯಿ ನೋವಿನಿಂದ ನರಳಿದರು.

"ಸ್ವಾಮೇರು ಯಾಕ ಬರಲಿಲ್ಲೋ ಚನ್ನ?"

ಅವರು ಎಲ್ಲವನ್ನೂ ಹೇಳಿದರು. ಚರ್ಮದ ಕೆಲಸದ ವಿಷಯ ಬಂದಾಗ ದನಿ ತಗ್ಗಿಸಿದರು. ನೀಲವ್ವನವರು ನೋವಿನಲ್ಲೂ ನಕ್ಕುಬಿಟ್ಟರು.

"ಅದಕ್ಕ ನೋಡು, ಈ ಹಳೇ ಚರ್ಮಾನೂ ಕೂಡಿಸಿಬಿಟ್ಟಾರ. ಹಡದ ಮಗ ನೀನು ಮಾರಿ ಹೊಳ್ಳಿಸಿಕೊಂಡು ಕುಂತಿ. ಆ ಪುಣ್ಯಾತ್ಮ ಒಂದ ದಿನಾನೂ ಮೂಗು ಮುಚ್ಚಿಲ್ಲೋ ಯಪ್ಪಾ."

ಚನ್ನವೀರಪ್ಪನವರು ಆ ದಿನ ಮಗ್ಗಕ್ಕೆ ಕುಳಿತರೂ ಕೈ ಓಡಲಿಲ್ಲ. ತಾಯಿಯ ಆ ಕಾಲನ್ನು ದಿನಾಲೂ ಹಿಡಿದ ಕೈ ಅವರ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಸಂಜೆ ಅಂಗಳದಲ್ಲಿ ಪೂಜ್ಯರೂ ದುರಗಪ್ಪನೂ ಇಬ್ಬರೇ ಆಡುತ್ತಿದ್ದರು. ಓಣಿಯ ಹುಡುಗರು ಪಕ್ಕದ ಮೋಟುಗೋಡೆಯ ಮೇಲೆ ಸಾಲಾಗಿ ಕುಳಿತು ನೋಡುತ್ತಿದ್ದರು. ನೋಡಬಾರದೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲವಲ್ಲ. ಚನ್ನವೀರಪ್ಪನವರು ಬಂದದ್ದನ್ನು ಕಂಡು ಹುಡುಗರು ಗೋಡೆಯಿಂದ ಇಳಿದರು. ಅವರು ಯಾರೊಡನೆಯೂ ಮಾತಾಡದೆ ರುಮಾಲು ಬಿಚ್ಚಿ ಗೋಡೆಯ ಮೇಲಿಟ್ಟು, ಧೋತರವನ್ನು ಕಚ್ಚೆ ಬಿಗಿದು, ಗೆರೆ ದಾಟಿ ದುರಗಪ್ಪನ ಪಕ್ಕದಲ್ಲಿ ಹೋಗಿ ನಿಂತರು. ಬಲಗೈ ಚಾಚಿದರು.

ಹುಡುಗ ಹೆದರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸಹಾಯಕ್ಕೆ ಪೂಜ್ಯರ ಮುಖ ನೋಡಿದ. ಪೂಜ್ಯರು, ಅದು ಅವನ ಕೈ, ಕೊಡುವುದೂ ಬಿಡುವುದೂ ಅವನಿಗೇ ಸೇರಿದ್ದು ಎಂಬಂತೆ ಸುಮ್ಮನೆ ನಿಂತರು. ಊರಿನ ಹಿರಿಯರ ಚಾಚಿದ ಕೈ ಹಾಗೇ ಇತ್ತು. ಗೋಡೆಯ ಬಳಿ ಯಾರೋ ಕೆಮ್ಮಿದರು.

"ಕೊಡಪಾ ತಮ್ಮಾ" ಎಂದರು ಚನ್ನವೀರಪ್ಪನವರು. "ತಪ್ಪು ನಂದೈತಿ."

ಹುಡುಗ ಅಂಗಿಗೆ ಅಂಗೈ ಒರೆಸಿಕೊಂಡು ಕೊಟ್ಟ.

ಪೂಜ್ಯರು ಉಸಿರೆಳೆದು ಹುತುತು ಎನ್ನುತ್ತ ದಾಳಿಗೆ ಬಂದರು. ಆ ಇಬ್ಬರ ಸರಪಳಿಯೊಳಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲಾರದೆ, ಉಸಿರು ಕಟ್ಟಿ ನಿಲುವಂಗಿ ಸಮೇತ ಮಣ್ಣಿಗೆ ಬಿದ್ದರು. ಬಿದ್ದಲ್ಲೇ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಕೆಡವಿದವರು ಎಬ್ಬಿಸಬೇಕೆಂಬ ನಿಯಮದಂತೆ ಅವರನ್ನು ಎಬ್ಬಿಸುವ ಹೊತ್ತಿಗೆ ಮಲ್ಲೇಶಿಯೂ ಓಡಿ ಬಂದು ಸೇರಿಕೊಂಡಿದ್ದ.

ಚನ್ನವೀರಪ್ಪನವರು ಆಮೇಲೆ ಕ್ರೈಸ್ತರಾದರೇ ಎಂದು ಕೇಳುವ ಭಕ್ತರಿದ್ದಾರೆ. ಇಲ್ಲ, ಅವರು ಕೊನೆಯವರೆಗೂ ಇಷ್ಟಲಿಂಗವನ್ನು ಪೂಜಿಸಿಯೇ ಬಾಳಿದರು. ಪೂಜ್ಯರು ಅದನ್ನು ಅವರಿಂದ ಕೇಳಲೂ ಇಲ್ಲ. ಓಣಿಯ ಎರಡು ಮನೆಯವರು ಮಕ್ಕಳನ್ನು ಮತ್ತೆ ಅಂಗಳಕ್ಕೆ ಕಳಿಸಲೇ ಇಲ್ಲ ಎಂಬುದನ್ನೂ ಹೇಳಬೇಕು. ಅವರ ಬದಲಿಗೆ ಕೇರಿಯಿಂದ ಇಬ್ಬರು ಬಂದರು. ಮುಂದಿನ ಪಂದ್ಯದಲ್ಲೂ ತಂಡ ಸೋತಿತು, ಆದರೆ ಆ ಸಲ ಯಾರೂ ನಗಲಿಲ್ಲ.

ಹಿರಿಯರು ದುರಗಪ್ಪನ ಕೈ ಹಿಡಿದ ಆ ಸಂಜೆ ಅವರ ಮನೆಯಲ್ಲಿ ನಡೆದದ್ದನ್ನು ಎಷ್ಟೋ ವರ್ಷಗಳ ಮೇಲೆ ಮಲ್ಲೇಶಿಯೇ ಉಪದೇಶಿಗಳಿಗೆ ಹೇಳಿದ್ದು. ತಂದೆ ಮಗ ಓಣಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಕೇರಿಯವರನ್ನು ಮುಟ್ಟಿ ಬಂದವರು ಮೈಮೇಲೆ ನೀರು ಸುರಿದುಕೊಳ್ಳದೆ ಒಳಗೆ ಬರುವ ರೂಢಿ ಆ ಮನೆಯಲ್ಲಿರಲಿಲ್ಲ. ಚನ್ನವೀರಪ್ಪನವರ ಪತ್ನಿ ಗಂಗವ್ವನವರು ತುಂಬಿದ ಕೊಡ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಆಚೀಚೆ ಮನೆಯವರೂ ಕಟ್ಟೆಗೆ ಬಂದು ನೋಡುತ್ತಿದ್ದರು.

ಚನ್ನವೀರಪ್ಪನವರು ಕೊಡದ ನೀರಿನಿಂದ ಕಾಲಿನ ಧೂಳನ್ನಷ್ಟೇ ತೊಳೆದುಕೊಂಡರು.

"ಹಸಿವಾಗೇತಿ. ರೊಟ್ಟಿ ಹಾಕು" ಎಂದು ಒಳಗೆ ಹೋಗಿ ಕುಳಿತರು. ಗಂಗವ್ವನವರು ಒಂದು ಗಳಿಗೆ ಅನುಮಾನಿಸಿ, ಅತ್ತೆಯ ಕಡೆ ನೋಡಿ, ತಾಟು ತಂದಿಟ್ಟರು. ಚನ್ನವೀರಪ್ಪನವರು ದುರಗಪ್ಪನ ಕೈ ಹಿಡಿದಿದ್ದ ಕೈಯಿಂದಲೇ ರೊಟ್ಟಿ ಮುರಿದರು. ಒಳಗೆ ಬರುವುದೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದ ಮಗನನ್ನು ಕರೆದು, ಮೊದಲ ತುತ್ತನ್ನು ಅವನ ಬಾಯಿಗಿಟ್ಟರು.