ಕೆಂಚವ್ವನ ಗುರುತು

ಒಂದಾನೊಂದು ಕಾಲದಲ್ಲಿ, ಬೆಟ್ಟಗುಡ್ಡಕ್ಕೆಲ್ಲ ಕಿವಿ ಇತ್ತಲ್ಲ ಮಗಾ, ಆವಾಗ, ಮೈಲಾರಿ ಅಂತ ಒಬ್ಬ ಕುರಿಗಾರ ಇದ್ದನಂತೆ. ಅವನ ಹತ್ರ ಮುನ್ನೂರು ಕುರಿ, ಮುನ್ನೂರನ್ನೂ ಬರೀ ಕೆಮ್ಮಿನಲ್ಲೇ ಗುರುತು ಹಿಡಿಯೋನಂತೆ. ಸಂಜೆ ಕುರಿ ಕೂಡೋ ರೊಪ್ಪದ ಬಾಗಿಲಲ್ಲಿ ಕೂತು, ಒಂದೊಂದರ ಬೆನ್ನೂ ಸವರಿ, ಏನಮ್ಮಾ ಕಾಲು ನೋವಾ, ಹೊಟ್ಟೆ ತುಂಬಿತಾ ಅಂತ ವಿಚಾರಿಸೋನಂತೆ. ಹೆಂಡತಿ ಕೆಂಚವ್ವ ಮುದ್ದೆ ತಟ್ಟೆ ಇಟ್ಟು ಏನಾದ್ರೂ ಹೇಳೋಕೆ ಬಂದ್ರೆ ಮಾತ್ರ, ಕಣ್ಣು ರೊಪ್ಪದ ಕಡೆ, ಬಾಯಲ್ಲಿ ಬರೀ ಹೂಂ. ಒಂದಿನ ಅವಳು ಬೇಕಂತಲೇ, ಗುಡಿಸಲಿಗೆ ಬೆಂಕಿ ಬಿದ್ದಿದೆ ಅಂದ್ಲಂತೆ. ಅದಕ್ಕೂ ಹೂಂ!

ಆ ಊರ ಬೆಟ್ಟದ ಮೇಲೆ ಒಬ್ಬಳು ರಾಕ್ಷಸಿ ಇದ್ದಳಂತೆ. ಅವಳು ಇದನ್ನೆಲ್ಲ ಕೇಳಿಸ್ಕೊಂಡು, ಈ ಹೆಂಗಸಿಗೆ ಹೇಳೋರು ಕೇಳೋರು ಯಾರೂ ಇಲ್ಲ ಅಂತ ತಿಳ್ಕೊಂಡು, ತನ್ನ ರಾಗಿ ಬೀಸೋಕೆ ಅವಳನ್ನ ಎತ್ಕೊಂಡು ಹೋದ್ಲಂತೆ. ಮೈಲಾರಿಗೆ ಗೊತ್ತಾಗಿದ್ದು ಯಾವಾಗ ಅಂತೀಯ? ತಟ್ಟೆ ಬರದೇ ಇದ್ದಾಗ.

ಆಮೇಲೆ ಬೆಟ್ಟದ ಮೇಲಿಂದ ರಾಗಿ ಬೀಸೋ ಸದ್ದು ಕೇಳಿ, ಎದ್ದೆನೋ ಬಿದ್ದೆನೋ ಅಂತ ಹತ್ತಿ, ನನ್ನ ಹೆಂಡ್ತೀನ ಕೊಡು ತಾಯೀ ಅಂತ ಅಂಗಲಾಚಿದನಂತೆ. ರಾಕ್ಷಸಿ ನಕ್ಕು, ತಪ್ಪಿಸ್ಕೊಂಡ ಕುರಿ ಸಿಕ್ಕಿದ್ರೆ ನೀವು ಏನ್ ಮಾಡ್ತೀರೋ, ಗುರುತು ಹೇಳಿದೋರಿಗೆ ತಾನೇ ಕೊಡೋದು, ನೀನೂ ಗುರುತು ಹೇಳಿ ಕರ್ಕೊಂಡು ಹೋಗು ಅಂದು, ಒಂದೇ ಥರ ಇದ್ದ ಮೂವರು ಕೆಂಚವ್ವಂದಿರನ್ನ ತಂದು ನಿಲ್ಲಿಸಿದ್ಲಂತೆ. ಮೂರು ಸಲ ತಪ್ಪಿದ್ರೆ ಅವಳು ನನ್ನೋಳು, ನೀನಾಗಿ ಏನಾದ್ರೂ ಕೇಳದೆ ಇವರ್ಯಾರೂ ಬಾಯಿ ಬಿಡಂಗಿಲ್ಲ ಅಂದ್ಲಂತೆ.

ಮೈಲಾರಿ ಕುರಿಗಾರ ಅಲ್ವಾ, ಮೊದ್ಲು ಹಲ್ಲು ನೋಡಿದ! ನೋಡಿ ಒಬ್ಬಳನ್ನ ಹಿಡ್ಕೊಂಡ. ಅವಳು ಹೊಗೆಯಾಗಿ ಮತ್ತೆ ಸಾಲಲ್ಲಿ ಸೇರ್ಕೊಂಡ್ಲು. ಆಮೇಲೆ ನಡಿಗೆ ನೋಡಿದ. ಅದೂ ಹೊಗೆ. ಮೈಲಾರಿ ಕಂಬಳಿ ಹಾಸಿ ಕೂತ. ಹನ್ನೆರಡು ವರ್ಷ ಒಂದೇ ಒಲೆ ಮುಂದೆ ಉಂಡೋಳ ಗುರುತು ಒಂದೂ ಗೊತ್ತಿಲ್ಲವಲ್ಲ ಅಂತ ಅವನಿಗೆ ಆವಾಗ ಹೊಳೀತಂತೆ.

ಅಷ್ಟ್ರಲ್ಲಿ ಕೆಳಗೆ ರೊಪ್ಪದಲ್ಲಿ ಒಂದು ಕುರಿ ಬ್ಯಾ ಅಂತು. ಯಾವ ಕುರಿ ಅಂತ ಅವನಿಗೆ ಗೊತ್ತು, ಬೇರೆ ದಿನ ಆಗಿದ್ರೆ ಓಡಿರೋನು. ಇವತ್ತು ತಿರುಗಿ ನೋಡ್ಲಿಲ್ಲ. ಮೂವರ ಮುಖಾನೂ ನೆಟ್ಟಗೆ ನೋಡಿ, ಕೆಂಚೀ, ನಿನ್ನೆ ಏನೋ ಹೇಳ್ತಿದ್ದೆ, ನಾನು ಕೇಳಿಸ್ಕೊಳ್ಳಲಿಲ್ಲ, ಏನದು ಅಂದನಂತೆ.

ಮೊದಲನೇವಳು, ಏನಿಲ್ಲ ಬಿಡು ರಾಜಾ ಅಂದ್ಲು. ಎರಡನೇವಳು, ನೀನು ಬಂದ್ಯಲ್ಲ, ಅಷ್ಟು ಸಾಕು ಅಂದ್ಲು. ಮೂರನೇವಳು ಸೊಂಟದ ಮೇಲೆ ಕೈ ಇಟ್ಟು, ನಿನ್ನೇದೊಂದೇನಾ? ಹನ್ನೆರಡು ವರ್ಷದ್ದು ಬಾಕಿ ಇದೆ, ಎಲ್ಲಿಂದ ಶುರು ಮಾಡ್ಲಿ? ಹೋಗು, ನಿನ್ನ ಕುರಿ ಕೂಗ್ತಿದೆ ಅಂದ್ಲಂತೆ.

ಇವಳೇ ಅಂತ ಅವಳ ಕೈ ಹಿಡ್ಕೊಂಡೇಬಿಟ್ಟ! ಏನ್ ಗುರುತೋ ಅಂತ ರಾಕ್ಷಸಿ ಗದರಿದ್ಲು. ಈ ಮೂವರಲ್ಲಿ ನನ್ನ ಮೇಲೆ ಸಿಟ್ಟಿರೋದು ಇವಳೊಬ್ಬಳಿಗೇ ತಾಯೀ ಅಂದ. ಉಳಿದಿಬ್ಬರೂ ಹೊಗೆಯಾಗಿ ಹೋದ್ರು, ರಾಕ್ಷಸಿ ಹಲ್ಲು ಕಡೀತಾ ದಾರಿ ಬಿಟ್ಲು, ಮೈಲಾರಿಗೆ ಹೋದ ಜೀವ ಬಂದಂಗಾಯ್ತಂತೆ.

ಬೆಟ್ಟ ಇಳೀತಾ ಕೆಂಚವ್ವ ಶುರು ಮಾಡಿದ್ಲು. ಅರ್ಧ ದಾರಿ ಬಂದ್ರೂ ಮದುವೆಯಾದ ಎರಡನೇ ವರ್ಷ ದಾಟಿರಲಿಲ್ಲ. ಮೈಲಾರಿ ಅವಳ ಕೈ ಬಿಡದೆ, ಇನ್ನೂ ಸ್ವಲ್ಪ ನಿಧಾನಕ್ಕೆ ನಡಿ, ಆಮೇಲೇನಾಯ್ತು ಹೇಳು ಅಂದನಂತೆ. ಹಂಗೇ ಮಾತಾಡ್ಕೊಂಡು ಸುಖವಾಗಿದ್ರು. ಇಲ್ಲಿಗೆ ಕತೆ ಮುಗೀತು ಮಗಾ, ಇನ್ನು ಹೊದ್ಕೊಂಡು ಮಲ್ಕೋ.