ಶಾಲು ಹೊದ್ದ ಬಡಗಿ

"ಗುರುಗಳೇ, ಉಗ್ರಾಣದ ತೊಲೆಗೆ ಗೆದ್ದಲು ಹಿಡಿದದ್ದು ಕೆಲಸದವರಿಗೆಲ್ಲ ಗೊತ್ತಿತ್ತಂತೆ. ಅದು ಮುರಿದು ಅಡುಗೆಯವನ ಕಾಲಿನ ಮೇಲೆ ಬೀಳುವವರೆಗೂ ಒಬ್ಬನೂ ನನಗೆ ಹೇಳಲಿಲ್ಲ. ನಾನು ಯಾರನ್ನೂ ಗದರಿದವನಲ್ಲ. ಮತ್ತೆ ಯಾಕೆ ಸುಮ್ಮನಿದ್ದರು?"

ಮಠದ ಕೆಲಸಗಳ ಮೇಲ್ವಿಚಾರಣೆ ನೋಡುತ್ತಿದ್ದ ಶಿಷ್ಯ ಹೀಗೆ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಕಡಲತೀರದ ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ದಂಡೆಯಲ್ಲಿ ಕಟ್ಟಿದ ಹಡಗಿನೊಳಗೆ ಒಂದು ಹನಿ ನೀರು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಇದು ವರ್ತಕನಿಗೆ ಹೆಮ್ಮೆ, ಬಡಗಿಗಳಿಗೆ ಇನ್ನೂ ಹೆಮ್ಮೆ. ಆ ದಂಡೆಯ ಬಡಗಿ ಎಂದರೆ ಹೆಣ್ಣು ಕೊಡುವವರು ಎರಡನೆಯ ಮಾತು ಕೇಳುತ್ತಿರಲಿಲ್ಲ.

ಹಡಗನ್ನು ನೀರಿಗಿಳಿಸುವ ದಿನ ಅಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಊರೆಲ್ಲ ಬಂದು ನಿಲ್ಲುತ್ತಿತ್ತು. ಪ್ರತಿಯೊಬ್ಬ ಬಡಗಿಯೂ ತನ್ನ ಪಾಲಿನ ಹಲಗೆಗೆ ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ ಬಡಿದು, ಸದ್ದಿಗೆ ಕಿವಿಗೊಟ್ಟು, "ಗಟ್ಟಿ" ಎಂದು ಕೂಗಬೇಕು. ಕೊನೆಯ ಬಡಗಿಯೂ ಗಟ್ಟಿ ಎಂದ ಮೇಲೆಯೇ ಹಗ್ಗ ಬಿಚ್ಚುತ್ತಿದ್ದರು.

ಒಂದು ವರ್ಷ ಎಲ್ಲರಿಗಿಂತ ಹಿರಿಯ ಬಡಗಿ, ಒಮ್ಮೆ ಬಡಿದವನು ಮತ್ತೊಮ್ಮೆ ಬಡಿದ.

"ಒಡೆಯರೇ, ಈ ಹಲಗೆ ನಿಮ್ಮ ಭಾವಮೈದುನರ ಹಾಗಿದೆ. ಸದ್ದು ಜೋರು, ಒಳಗೆ ಟೊಳ್ಳು."

ಜನ ನಕ್ಕರು. ವರ್ತಕನೂ ನಕ್ಕ. ಹಲಗೆ ಕೀಳಿಸಿ ಬೇರೆ ಹಾಕಿಸಿದ. ಹಡಗು ಕ್ಷೇಮವಾಗಿ ಹೋಗಿ ಬಂತು. ಆದರೆ ತನ್ನ ದಂಡೆಯಲ್ಲಿ, ಊರಿನ ಎದುರು, ಟೊಳ್ಳು ಎಂಬ ಮಾತು ಹೊರಟದ್ದು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಮುಂದಿನ ಹಡಗು ಸಿದ್ಧವಾದಾಗ ಅವನು ಆ ಹಿರಿಯನನ್ನು ಚಪ್ಪರಕ್ಕೆ ಕರೆಸಿ, ಎಲ್ಲರ ಎದುರು ಶಾಲು ಹೊದಿಸಿದ. "ಈ ದಂಡೆಗಾಗಿ ಬಹಳ ದುಡಿದಿದ್ದೀರಿ. ಇನ್ನು ನೀವು ದಣಿಯಬಾರದು" ಎಂದು ಹೇಳಿ, ಆ ಹಿರಿಯನ ಕೊಡತಿಯನ್ನು ತೆಗೆದು ಬೇರೊಬ್ಬನ ಕೈಗೆ ಕೊಟ್ಟ. ಮುದುಕನಿಗೆ ಊಟ ನಿಲ್ಲಲಿಲ್ಲ, ಸಂಬಳ ನಿಲ್ಲಲಿಲ್ಲ. ಕೆಲಸ ನಿಂತಿತು. ಬಡಿಯುವ ಸದ್ದು ಕೇಳಿದಾಗಲೆಲ್ಲ ಅವನ ಬೆರಳುಗಳು ಶಾಲಿನೊಳಗೆ ಅಲುಗುತ್ತಿದ್ದವು.

ಆ ಹಡಗನ್ನು ನೀರಿಗಿಳಿಸುವ ದಿನ ತಳದ ಹಲಗೆಯನ್ನು ಬಡಿದವನು ಒಬ್ಬ ನಡುವಯಸ್ಸಿನ ಬಡಗಿ. ಸದ್ದು ಸರಿಯಿರಲಿಲ್ಲ. ಮತ್ತೆ ಬಡಿಯಲು ಕೈ ಎತ್ತಿದ. ಪಕ್ಕದವನಿಗೂ ಆ ಸದ್ದು ಕೇಳಿಸಿತ್ತು.

"ಯಾಕೋ, ನಿನಗೂ ಚಳಿಯಾಗುತ್ತಿದೆಯೇನೋ?" ಎಂದು ಅವನು ಮೆಲ್ಲಗೆ ಕೇಳಿದ.

ಎತ್ತಿದ ಕೈ ನಿಂತಿತು. ಅವನ ಕೈಯಲ್ಲಿದ್ದದ್ದು ಅವನ ಮನೆತನದ ಕೊಡತಿ, ಅಪ್ಪನದು. ಅಪ್ಪನಿಗೆ ಅಜ್ಜ ಕೊಟ್ಟದ್ದು. ಅವನು ಚಪ್ಪರದಲ್ಲಿ ಶಾಲು ಹೊದ್ದು ಕುಳಿತಿದ್ದ ಮುದುಕನ ಕಡೆ ಒಮ್ಮೆ ನೋಡಿದ. ಆಮೇಲೆ ಎಲ್ಲರಿಗಿಂತ ಜೋರಾಗಿ "ಗಟ್ಟಿ" ಎಂದು ಕೂಗಿದ.

ವರ್ತಕ ಎದೆಯುಬ್ಬಿಸಿ ತಾನೇ ಆ ಹಡಗು ಹತ್ತಿದ. ಚುಕ್ಕಾಣಿಗೆ ತನ್ನ ಮಗನನ್ನು ನಿಲ್ಲಿಸಿದ. ದಡ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ತಳ ಬಿರಿಯಿತು. ಮೀನುಗಾರರು ತಂದೆಯನ್ನು ಎಳೆದು ತಂದರು. ಮಗ ಸಿಗಲಿಲ್ಲ.

ತಳದ ಹಲಗೆಯ ಬಡಗಿ ವರ್ತಕನ ಮುಂದೆ ಬಂದು ನಿಂತು, ನಡೆದದ್ದನ್ನು ತಾನೇ ಹೇಳಿದ.

"ಗೊತ್ತಿದ್ದೂ ಗಟ್ಟಿ ಎಂದೆಯಾ? ನಾನು ನಿಮ್ಮಲ್ಲಿ ಯಾರನ್ನಾದರೂ ಬೈದಿದ್ದೇನೆಯೇ? ಕೂಲಿ ಮುರಿದಿದ್ದೇನೆಯೇ? ಹೊರಗೆ ಹಾಕಿದ್ದೇನೆಯೇ?"

"ಇಲ್ಲ ಒಡೆಯರೇ" ಎಂದ ಬಡಗಿ. "ಶಾಲು ಹೊದಿಸಿದಿರಿ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆಯೆತ್ತಿದ.

"ನಾನು ಈವರೆಗೆ ಯಾರಿಗೂ ಶಾಲು ಹೊದಿಸಿಲ್ಲ, ಗುರುಗಳೇ" ಎಂದ. ಅವನ ದನಿಯಲ್ಲಿ ಅಳುಕಿರಲಿಲ್ಲ.

"ಹಾಗಾದರೆ, ಬಾವಿಯ ಕಟ್ಟೆ ಬಿರುಕು ಬಿಟ್ಟಿದೆ ಎಂದು ಹೋದ ವರ್ಷ ಭಕ್ತರ ಎದುರು ಹೇಳಿದ ನಮ್ಮ ಉಗ್ರಾಣದವನು ಈಗ ಹೂದೋಟದ ಕೆಲಸದಲ್ಲಿ ಯಾಕಿದ್ದಾನೆ?"